ಒಂದೇ ಮನೆ, ಐದು ವಿಶ್ವವಿದ್ಯಾಲಯ

2025ರ ಫೆಬ್ರವರಿ. ಬೆಂಗಳೂರಿನ ಆಫೀಸಿನಲ್ಲಿ ಆಗಷ್ಟೇ ಊಟದ ಡಬ್ಬಿ ಬಿಚ್ಚಿದ್ದೆ. ತಂಗಿಯ ಫೋನು ಬಂತು. ಅವಳು ಈ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ, ಕ್ಲಾಸು ಇರುತ್ತದೆ. ಎತ್ತಿದ ಕೂಡಲೇ ಕೇಳಿದಳು.

‘ಅಕ್ಕಾ, ನಮ್ಮ ಯೂನಿವರ್ಸಿಟಿ ಮುಚ್ಚತಾರಂತ. ಖರೇನ?’

‘ಯಾರು ಹೇಳಿದ್ರು?’

‘ಎಲ್ಲಾರ ಸ್ಟೇಟಸ್ಸಿನ್ಯಾಗೂ ಅದ ಐತಿ. ಮುಚ್ಚಿದ್ರ ನನ್ನ ಎಂ.ಕಾಂ ಏನಾಕ್ಕೈತಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ನೋಡಿ ಹೇಳ್ತೀನಿ, ನೀ ಊಟಾ ಮಾಡು’ ಅಂದೆ. ಫೋನಿಟ್ಟ ಮೇಲೆ ನನ್ನ ಡಬ್ಬಿಯೇ ಹಾಗೇ ಉಳಿಯಿತು.

ನಾವು ಯಲಬುರ್ಗಾ ಕಡೆಯವರು, ಕೊಪ್ಪಳ ಜಿಲ್ಲೆ. ತಂಗಿ ಓದುತ್ತಿರುವುದು ಕೊಪ್ಪಳ ವಿಶ್ವವಿದ್ಯಾಲಯದಲ್ಲಿ. ಹೆಸರು ಕೊಪ್ಪಳದ್ದಾದರೂ ಅದು ಇರುವುದು ಕುಕನೂರು ತಾಲ್ಲೂಕಿನ ತಳಕಲ್ಲಿನಲ್ಲಿ, ಕೊಪ್ಪಳದಿಂದ ಗದಗಿಗೆ ಹೋಗುವ ದಾರಿಯಲ್ಲಿ. ಕುಕನೂರು ಮೊನ್ನೆ ಮೊನ್ನೆವರೆಗೂ ಯಲಬುರ್ಗಾ ತಾಲ್ಲೂಕೇ. ಹಾಗಾಗಿ ನಮ್ಮ ಮಂದಿಗೆ ಅದು ‘ನಮ್ಮೂರ ಯೂನಿವರ್ಸಿಟಿ’. ನಮ್ಮ ಮನೆಯ ಇತಿಹಾಸದಲ್ಲಿ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಬರಬಹುದಾದ ಮೊದಲ ವಿಶ್ವವಿದ್ಯಾಲಯ ಅದು. ‘ಇತಿಹಾಸ’ ಎಂಬ ದೊಡ್ಡ ಮಾತು ಯಾಕೆ ಬಳಸಿದೆ ಅಂದರೆ, ಅದೆಲ್ಲ ಒಂದು ಟ್ರಂಕಿನಲ್ಲಿದೆ.

ಅಟ್ಟದ ಮೇಲಿನ ಟ್ರಂಕು

ಆ ವಾರಾಂತ್ಯ ರಾತ್ರಿ ಬಸ್ಸು ಹಿಡಿದು ಊರಿಗೆ ಹೋದೆ. ತಂಗಿಯ ದಾಖಲೆಗಳನ್ನೆಲ್ಲ ಒಂದು ಕಡೆ ಸೇರಿಸಿಡೋಣ ಅಂತ ಅಟ್ಟದ ಮೇಲಿನ ಹಸಿರು ಟ್ರಂಕನ್ನು ಇಳಿಸಿದೆವು. ಮನೆಯ ಎಲ್ಲರ ಸರ್ಟಿಫಿಕೇಟು, ಹೊಲದ ಪಹಣಿ, ಹಳೆಯ ರೇಷನ್ ಕಾರ್ಡು ಎಲ್ಲ ಅದರಲ್ಲೇ. ಒಂದೊಂದಾಗಿ ಚಾಪೆಯ ಮೇಲೆ ಹರಡುತ್ತಾ ಹೋದಾಗ ತಂಗಿಯೇ ಮೊದಲು ಗಮನಿಸಿದ್ದು.

‘ಅಕ್ಕಾ, ಎಲ್ಲಾರ್ದೂ ಬ್ಯಾರೆ ಬ್ಯಾರೆ ಯೂನಿವರ್ಸಿಟಿ ಐತಿ ನೋಡು.’

ಹೌದಲ್ಲ! ಅಜ್ಜನದು ಉಸ್ಮಾನಿಯಾ, ಹೈದರಾಬಾದ್. ದೊಡ್ಡಪ್ಪನದು ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ. ಅತ್ತಿಯದು ಗುಲಬರ್ಗಾ. ನನ್ನದು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ. ತಂಗಿಯದು ಕೊಪ್ಪಳ, ಅದರ ಪದವಿ ಪತ್ರ ಇನ್ನೂ ಬರಬೇಕು. ಮನೆ ಒಂದೇ, ಕಟ್ಟೆ ಒಂದೇ, ಬೇವಿನ ಗಿಡ ಒಂದೇ. ನಾವು ಎಲ್ಲೂ ಹೋಗಿಲ್ಲ. ವಿಶ್ವವಿದ್ಯಾಲಯವೇ ಹೈದರಾಬಾದಿನಿಂದ ಹೊರಟು, ಊರೂರು ಸುತ್ತಿ, ನೂರು ವರ್ಷಕ್ಕೆ ತಳಕಲ್ಲಿಗೆ ಬಂದಿದೆ.

ಯಾರಿಗೂ ಓದಲು ಬಾರದ ಕಾಗದ

ಅಜ್ಜನ ಮೆಟ್ರಿಕ್ ಪ್ರಮಾಣಪತ್ರ ಉರ್ದುವಿನಲ್ಲಿದೆ. ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವರು ಈಗ ಯಾರೂ ಇಲ್ಲ. ನಾನು ಫೋಟೊ ತೆಗೆದು ಉರ್ದು ಬಲ್ಲ ಸಹೋದ್ಯೋಗಿಗೆ ಕಳಿಸಿದೆ. ಅವರು ಐದು ನಿಮಿಷದಲ್ಲಿ ವಾಯ್ಸ್ ಮೆಸೇಜು ಮಾಡಿ ಓದಿ ಹೇಳಿದರು: ಅಜ್ಜನ ಹೆಸರು, ಅವರಪ್ಪನ ಹೆಸರು, ಎರಡನೇ ದರ್ಜೆಯಲ್ಲಿ ಪಾಸು. ಮನೆಯವರೆಲ್ಲ ಫೋನಿನ ಸುತ್ತ ಕೂತು ಕೇಳಿದೆವು. ಅಪ್ಪ ಮತ್ತೊಮ್ಮೆ ಹಾಕು ಅಂದರು.

ಕನ್ನಡದ ಹುಡುಗ ಉರ್ದುವಿನಲ್ಲಿ ಯಾಕೆ ಓದಿದ? 1948ರವರೆಗೆ ನಮ್ಮ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಗಂಗಾವತಿ, ಕುಷ್ಟಗಿ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ರಾಜಧಾನಿ ಹೈದರಾಬಾದ್. ಇದ್ದ ಒಂದೇ ಒಂದು ವಿಶ್ವವಿದ್ಯಾಲಯವೂ ಅಲ್ಲೇ. 1918ರಲ್ಲಿ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹೆಸರಿನಲ್ಲಿ ಶುರುವಾದ ಉಸ್ಮಾನಿಯಾ, ಇಂಗ್ಲಿಷಿನ ಬದಲು ಭಾರತದ ಭಾಷೆಯೊಂದನ್ನು ಬೋಧನಾ ಮಾಧ್ಯಮ ಮಾಡಿಕೊಂಡ ದೇಶದ ಮೊದಲ ವಿಶ್ವವಿದ್ಯಾಲಯ. ವಿಜ್ಞಾನ, ಕಾನೂನು, ವೈದ್ಯಕೀಯದ ಪುಸ್ತಕಗಳನ್ನು ಉರ್ದುವಿಗೆ ತರಲು ಒಂದು ಅನುವಾದ ವಿಭಾಗವನ್ನೇ ಕಟ್ಟಿದ್ದರು. ದೊಡ್ಡ ಕೆಲಸವೇ. ಆದರೆ ಆ ಭಾಷೆ ನಮ್ಮ ಹೊಲದ, ನಮ್ಮ ಅಡುಗೆಮನೆಯ ಭಾಷೆಯಾಗಿರಲಿಲ್ಲ. ಕನ್ನಡವನ್ನು ಒಂದು ವಿಷಯವಾಗಿ ಓದಬಹುದಿತ್ತು, ಉಳಿದದ್ದೆಲ್ಲ ಉರ್ದು.

ಅಷ್ಟು ದೂರ ಹೋಗಿ ಗೆದ್ದು ಬಂದವರೂ ಇದ್ದರು. ‘ಕಾವ್ಯಾನಂದ’ ಎಂದು ಹೆಸರಾದ ಕವಿ ಸಿದ್ದಯ್ಯ ಪುರಾಣಿಕರು ನಮ್ಮ ಯಲಬುರ್ಗಾ ಸೀಮೆಯ ದ್ಯಾಂಪುರದವರು. ಉಸ್ಮಾನಿಯಾ ಹುಟ್ಟಿದ 1918ರಲ್ಲೇ ಅವರೂ ಹುಟ್ಟಿದರು. ಅದೇ ವಿಶ್ವವಿದ್ಯಾಲಯದಲ್ಲಿ ಓದಿ, ಹೈದರಾಬಾದ್ ಸಿವಿಲ್ ಸರ್ವಿಸಿಗೆ ಸೇರಿ, ಮುಂದೆ ಐಎಎಸ್ ಅಧಿಕಾರಿಯಾದರು. 1987ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ಬರೆದವರು.

ಅದೇ ಕ್ಯಾಂಪಸ್ಸು ಹೋರಾಟವನ್ನೂ ಕಂಡಿತು. 1938ರಲ್ಲಿ ಹಾಸ್ಟೆಲಿನಲ್ಲಿ ವಂದೇ ಮಾತರಂ ಹಾಡಬಾರದು ಅಂದಾಗ ವಿದ್ಯಾರ್ಥಿಗಳು ತಿರುಗಿ ಬಿದ್ದರು. ನೂರಾರು ಮಂದಿಯನ್ನು ಹೊರಗೆ ಹಾಕಲಾಯಿತು. ಅವರಲ್ಲಿ ಬಹಳಷ್ಟು ಹುಡುಗರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಕೂಡ ಅವರಲ್ಲೊಬ್ಬರು.

ನಮ್ಮಜ್ಜ ಇದಕ್ಕಿಂತ ಚಿಕ್ಕವರು. ಮೆಟ್ರಿಕ್ ಮುಗಿಸಿ ಇಂಟರ್‌ಮೀಡಿಯೆಟ್ ಓದಲು ಹೈದರಾಬಾದಿಗೆ ಹೋದರು. ಅಷ್ಟರಲ್ಲಿ 1947-48ರ ಗದ್ದಲ. ‘ಹುಡುಗ ಜೀವಂತ ಇದ್ರ ಸಾಕು’ ಅಂತ ಅವರವ್ವ ವಾಪಸು ಕರೆಸಿಕೊಂಡಳಂತೆ. ಅಜ್ಜ ಮತ್ತೆ ಹೋಗಲಿಲ್ಲ. ಸಾಲಿ ಮಾಸ್ತರರಾದರು. ಉರ್ದುವಿನಲ್ಲಿ ಗಣಿತ ಕಲಿತವರು ಮೂವತ್ತು ವರ್ಷ ಕನ್ನಡದಲ್ಲಿ ಮಗ್ಗಿ ಹೇಳಿಸಿದರು.

ಧಾರವಾಡ ಹತ್ತಿರವಾಯಿತು, ಆದರೂ ದೂರ

1956ರ ನವೆಂಬರ್ 1ಕ್ಕೆ ರಾಜ್ಯಗಳ ಪುನರ್‌ವಿಂಗಡಣೆ ಆಯಿತು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದೂ ಊರು ಬದಲಿಸಿದ ವಿಶ್ವವಿದ್ಯಾಲಯವೇ. 1949ರಲ್ಲಿ ಮುಂಬೈಯಲ್ಲಿ ಶುರುವಾಗಿ 1950ರಲ್ಲಿ ಧಾರವಾಡಕ್ಕೆ ಬಂದದ್ದು. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಯಾಗಿದ್ದಾಗ ಗುಡ್ಡದ ಮೇಲೆ ಇವತ್ತು ನಾವು ನೋಡುವ ಕ್ಯಾಂಪಸ್ಸು ಎದ್ದು ನಿಂತಿತು.

ಆದರೆ ದೊಡ್ಡಪ್ಪನ ಪದವಿಗೆ ಕಾರಣ ಧಾರವಾಡದ ಗುಡ್ಡ ಅಲ್ಲ, ಕೊಪ್ಪಳದ ಗವಿಮಠ. 1963ರಲ್ಲಿ ಶ್ರೀ ಗವಿಸಿದ್ಧೇಶ್ವರ ಕಾಲೇಜು ಶುರುವಾಗದೇ ಇದ್ದರೆ ಅವರು ಬಿ.ಎ. ಓದುತ್ತಲೇ ಇರಲಿಲ್ಲ. ಮಠದ ಪ್ರಸಾದ ನಿಲಯದಲ್ಲಿದ್ದು ಓದಿದವರು ಅವರು. ಇವತ್ತಿಗೂ ನಮ್ಮ ಜಿಲ್ಲೆಯ ಬಡ ಮಕ್ಕಳಿಗೆ ಗವಿಮಠದ ಊಟ-ವಸತಿ ದೊಡ್ಡ ಆಸರೆ. ‘ಡಿಗ್ರಿ ಧಾರವಾಡದ್ದು, ಅನ್ನ ಗವಿಸಿದ್ಧಪ್ಪಂದು’ ಅಂತ ದೊಡ್ಡಪ್ಪ ಈಗಲೂ ಅನ್ನುತ್ತಾರೆ.

ಇದನ್ನು ಬರೆಯಲು ಕಾರಣವಿದೆ. ನಾವು ‘ಯೂನಿವರ್ಸಿಟಿ’ ಅಂದಾಗ ಕಣ್ಣಿಗೆ ಬರುವುದು ದೊಡ್ಡ ಗೇಟು, ಸಾಲು ಮರ, ಗ್ರಂಥಾಲಯ. ನಮ್ಮ ಸೀಮೆಯ ಬಹುತೇಕ ವಿದ್ಯಾರ್ಥಿಗಳು ಆ ಗೇಟನ್ನು ನೋಡಿಯೇ ಇರುವುದಿಲ್ಲ. ಅವರು ಓದುವುದು ತಾಲ್ಲೂಕಿನ ಕಾಲೇಜಿನಲ್ಲಿ. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಪದವಿ ಪತ್ರ ಮಾತ್ರ ವಿಶ್ವವಿದ್ಯಾಲಯದ್ದು. ಡಿಗ್ರಿಯವರೆಗೆ ಹೀಗೆ ನಡೆಯುತ್ತದೆ. ಸ್ನಾತಕೋತ್ತರ ಓದಬೇಕು ಅಂದಾಗ ದೂರ ಎಂಬುದು ಶುರುವಾಗುತ್ತದೆ.

ಅತ್ತಿಯ ಲಕೋಟೆ

ಟ್ರಂಕಿನಲ್ಲಿ ಅತ್ತಿಯ ಬಿ.ಎ. ಪದವಿ ಪತ್ರದ ಹಿಂದೆ ಒಂದು ಹಳದಿ ಬಿದ್ದ ಲಕೋಟೆ ಇತ್ತು. ನಾನು ಅದನ್ನು ಅವತ್ತೇ ಮೊದಲು ನೋಡಿದ್ದು. ಎಂ.ಎ. ಪ್ರವೇಶಕ್ಕೆ ಬಂದ ಪತ್ರ. 1986ರದ್ದು.

ಆಗ ನಮ್ಮದು ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿ. 1970ರಲ್ಲಿ ಧಾರವಾಡದ ಸ್ನಾತಕೋತ್ತರ ಕೇಂದ್ರವಾಗಿ ಕಲಬುರಗಿಯಲ್ಲಿ ಶುರುವಾದದ್ದು 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಬೀದರಿನಿಂದ ಬಳ್ಳಾರಿವರೆಗೆ ಇಡೀ ಹೈದರಾಬಾದ್ ಕರ್ನಾಟಕಕ್ಕೆ ಅದೇ. ಈ ಭಾಗಕ್ಕೆ ಒಂದು ಸ್ವಂತ ವಿಶ್ವವಿದ್ಯಾಲಯ ಅಂತ ಬಂದದ್ದು ಸಣ್ಣ ಸಂಗತಿಯಲ್ಲ. ಅಲ್ಲಿ ಓದಿದ ಸಾವಿರಾರು ಮಂದಿ ಈ ಭಾಗದ ಸಾಲಿ, ಕಾಲೇಜು, ಕಚೇರಿ ತುಂಬಿದರು. ಆದರೆ ಯಲಬುರ್ಗಾದಿಂದ ಕಲಬುರಗಿ ಇನ್ನೂರು ಕಿಲೋಮೀಟರಿಗೂ ಮೇಲೆ.

ಸೀಟು ಸಿಕ್ಕಿತ್ತು. ಅತ್ತಿಯನ್ನು ಕಳಿಸಲಿಲ್ಲ. ಬೇಡ ಅಂದವರು ಯಾರು ಗೊತ್ತಾ? ಹೈದರಾಬಾದಿಗೆ ಹೋಗಿ ಓದಿದ್ದ ಅದೇ ಅಜ್ಜ. ‘ಹೆಣ್ಣ ಹುಡುಗಿ, ಅಷ್ಟ ದೂರ ಒಬ್ಬಾಕೀನ ಹ್ಯಾಂಗ ಕಳಸೂದು’ ಅಂದರಂತೆ. ಮರು ವರ್ಷವೇ ಮದುವೆ ಮಾಡಿದರು.

ನಾನು ಅತ್ತಿಗೆ ಫೋನ್ ಮಾಡಿ ಲಕೋಟೆ ಸಿಕ್ಕ ವಿಷಯ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಇನ್ನೂ ಐತೇನು ಅದು? ನಾ ಹರದ ಒಗದೀನಿ ಅಂತ ಮಾಡಿದ್ದೆ.’

‘ಅಜ್ಜನ ಮ್ಯಾಲ ಸಿಟ್ಟಿಲ್ಲೇನು ಅತ್ತಿ?’

‘ಅಪ್ಪ ಕೆಟ್ಟಾಂವ ಇರಲಿಲ್ಲವ್ವಾ. ಅಂಜಿದ. ಕಲಬುರ್ಗಿ ಇಲ್ಲೇ ಕುಕನೂರಾಗ ಇದ್ದಿದ್ರ ತಾನ ಸೈಕಲ್ ಮ್ಯಾಲ ಕುಂದ್ರಿಸ್ಕೊಂಡು ಬಿಟ್ಟು ಬರ್ತಿದ್ದ.’

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನಮ್ಮ ಕಡೆ ಹೆಣ್ಣುಮಕ್ಕಳ ಓದನ್ನು ನಿಲ್ಲಿಸುವುದು ಯಾವಾಗಲೂ ದ್ವೇಷವಲ್ಲ, ತಿರಸ್ಕಾರವಲ್ಲ. ಎಷ್ಟೋ ಮನೆಗಳಲ್ಲಿ ಅದು ಕಿಲೋಮೀಟರು.

ನಾನು 2016ರಲ್ಲಿ ಎಂ.ಕಾಂ ಓದಲು ಬಳ್ಳಾರಿಗೆ ಹೋಗುವಾಗ ಮನೆಯಲ್ಲಿ ಮತ್ತೆ ಅದೇ ಮಾತು ಬಂದಿತ್ತು. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ನಮ್ಮ ಜಿಲ್ಲೆ ಅದರ ವ್ಯಾಪ್ತಿಗೆ ಬಂತು. ಕೊಪ್ಪಳದಿಂದ ನೂರು ಕಿಲೋಮೀಟರಿನ ಹತ್ತಿರ. ಆಗ ಅತ್ತಿ ಊರಿಗೆ ಬಂದು ಪಡಸಾಲೆಯಲ್ಲಿ ಕೂತು, ‘ಈಕೀನ ಕಳಸೂತನ ನಾ ಹೊಳ್ಳಿ ಹೋಗೂದಿಲ್ಲ’ ಅಂದಳು. ಎರಡು ದಿನ ಕೂತಳು. ಮೂರನೇ ದಿನ ಅಪ್ಪ ನನ್ನ ಜೊತೆ ಬಳ್ಳಾರಿ ಬಸ್ಸು ಹತ್ತಿದರು. ನನಗೆ ಆಗ ಲಕೋಟೆಯ ಕಥೆ ಗೊತ್ತಿರಲಿಲ್ಲ.

ನಾನೇ ಬೇಡ ಅಂದಿದ್ದೆ

ಈಗ ನನ್ನ ತಪ್ಪನ್ನೂ ಹೇಳಬೇಕು. 2024ರಲ್ಲಿ ತಂಗಿ ತಳಕಲ್ಲಿಗೆ ಸೇರುತ್ತೇನೆ ಅಂದಾಗ ವಿರೋಧಿಸಿದ್ದು ಅಪ್ಪ ಅಲ್ಲ, ನಾನು.

‘ಧಾರವಾಡಕ್ಕ ಹಾಕು. ಇಲ್ಲಾ ಬಳ್ಳಾರಿ. ನಿನ್ನೆ ಮೊನ್ನೆ ಹುಟ್ಟಿದ ಯೂನಿವರ್ಸಿಟಿ ಹೆಸರು ರೆಸ್ಯೂಮೆದಾಗ ಹಾಕಿದ್ರ ಯಾರು ಕೇಳ್ತಾರ?’ ಅಂದಿದ್ದೆ. ಬೆಂಗಳೂರಿನಲ್ಲಿ ಐದಾರು ವರ್ಷ ಕೆಲಸ ಮಾಡಿದರೆ ಇಂಥ ಮಾತು ಬಾಯಿಗೆ ತಾನಾಗಿಯೇ ಬರುತ್ತದೆ.

ಅವಳು ಸಿಟ್ಟಾಗಲಿಲ್ಲ. ಲೆಕ್ಕ ಹೇಳಿದಳು. ಎಂ.ಕಾಂ ಓದುವವಳಲ್ಲವೇ! ಧಾರವಾಡದಲ್ಲಿ ಹಾಸ್ಟೆಲು ಸಿಗದಿದ್ದರೆ ಪಿಜಿ ಬಾಡಿಗೆ ಎಷ್ಟು, ಊಟ ಎಷ್ಟು, ತಿಂಗಳಿಗೊಮ್ಮೆ ಊರಿಗೆ ಬರುವುದು ಎಷ್ಟು. ತಳಕಲ್ಲಿಗಾದರೆ ಬಸ್ಸು ಸೊನ್ನೆ ರೂಪಾಯಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಸಾಕು. ಕೊನೆಗೆ ಅವಳು ಹೇಳಿದ್ದು ಇದು:

‘ನೀ ಬೆಂಗಳೂರಾಗಿದ್ದಿ. ಅವ್ವನ ಮೊಳಕಾಲು ನೋವು ನಿನಗ ಫೋನಿನ್ಯಾಗ ಕೇಳತೈತಿ. ನಾ ದಿನಾ ನೋಡ್ತೀನಿ. ನಾ ಓದೂದು ಬಿಡೂದಿಲ್ಲ, ಮನಿನೂ ಬಿಡೂದಿಲ್ಲ. ಎರಡೂ ಆಗೂದು ಇಲ್ಲೆ ಒಂದ ಕಡೆ.’

ಅಲ್ಲಿಗೆ ನನ್ನ ವಾದ ಮುಗಿಯಿತು.

ಒಮ್ಮೆ ರಜೆಗೆ ಬಂದಾಗ ಅವಳ ಜೊತೆ ತಳಕಲ್ಲಿಗೆ ಹೋದೆ. ಬೆಳಗಿನ ಬಸ್ಸು. ಕುಕನೂರು ದಾಟುವಷ್ಟರಲ್ಲಿ ನಿಲ್ಲಲೂ ಜಾಗವಿಲ್ಲ. ತುಂಬಿದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಒಬ್ಬೊಬ್ಬರ ಬಗಲಲ್ಲೂ ಒಂದೊಂದು ಬ್ಯಾಗು. ನನ್ನ ಪಕ್ಕದ ಹುಡುಗಿಗೆ ಮದುವೆಯಾಗಿ ವರ್ಷವಾಗಿತ್ತು. ‘ಅತ್ತಿಮನಿಯಾಗ ರೊಟ್ಟಿ ಬಡದು ಬರ್ತೀನಿ ಅಕ್ಕಾ, ಸಂಜಿಗೆ ಹೋಗಿ ಪಲ್ಲೆ ಮಾಡ್ತೀನಿ, ನಡುವ ಎಂ.ಎ.’ ಅಂತ ನಕ್ಕಳು. ಕಲಬುರಗಿಯಾಗಿದ್ದರೆ, ಬಳ್ಳಾರಿಯಾಗಿದ್ದರೆ ಅವಳ ನಡುವಿನ ಆ ಎಂ.ಎ. ಇರುತ್ತಲೇ ಇರಲಿಲ್ಲ.

ಮುಚ್ಚುವುದು ಅಂದರೆ ಏನು?

ಮತ್ತೆ ಫೆಬ್ರವರಿಯ ಫೋನಿಗೆ ಬರೋಣ. ಹಿಂದಿನ ಸರ್ಕಾರ ‘ಜಿಲ್ಲೆಗೊಂದು ವಿಶ್ವವಿದ್ಯಾಲಯ’ದ ಆಲೋಚನೆಯಲ್ಲಿ 2022ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಹೊಸ ವಿಶ್ವವಿದ್ಯಾಲಯಗಳನ್ನು ಮಾಡಿತು. 2023ರಲ್ಲಿ ಅವು ಕೆಲಸ ಶುರುಮಾಡಿದವು. ಕೊಪ್ಪಳ, ಬಾಗಲಕೋಟೆ, ಹಾವೇರಿ, ಬೀದರ್, ಹಾಸನ, ಕೊಡಗು, ಚಾಮರಾಜನಗರ ಹೀಗೆ. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ ಇವುಗಳ ಪೈಕಿ ಒಂಬತ್ತನ್ನು ಮುಂದುವರಿಸುವುದು ಕಷ್ಟ, ಹಳೆಯ ವಿಶ್ವವಿದ್ಯಾಲಯಗಳಿಗೇ ಸೇರಿಸಬೇಕು ಎಂಬ ನಿಲುವಿಗೆ ಬಂತು. ಅದು ಸುದ್ದಿಯಾಗಿ, ಸುದ್ದಿ ಸ್ಟೇಟಸ್ಸಾಗಿ, ಸ್ಟೇಟಸ್ಸು ನನ್ನ ತಂಗಿಯ ಹೊಟ್ಟೆಯಲ್ಲಿ ಸಂಕಟವಾಗಿ ಕೂತಿತ್ತು. ಹಲವು ಜಿಲ್ಲೆಗಳಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು.

ಪಕ್ಷದ ಜಗಳ ಬದಿಗಿಡೋಣ. ಎರಡೂ ಕಡೆ ಒಂದಿಷ್ಟು ನಿಜ ಇದೆ.

ವಿಶ್ವವಿದ್ಯಾಲಯ ನಡೆಸುವುದು ಬೋರ್ಡು ಹಾಕಿದಷ್ಟು ಸುಲಭವಲ್ಲ. ಕಾಯಂ ಪ್ರಾಧ್ಯಾಪಕರು ಬೇಕು, ಪ್ರಯೋಗಾಲಯ, ಗ್ರಂಥಾಲಯ, ಪರೀಕ್ಷಾ ವಿಭಾಗ ಬೇಕು. ಯುಜಿಸಿಯ 12(ಬಿ) ಮಾನ್ಯತೆ ಇಲ್ಲದೆ ಕೇಂದ್ರದ ಅನುದಾನ ಸಿಗುವುದಿಲ್ಲ. ಆ ಮಾನ್ಯತೆ ಬೇಕೆಂದರೆ ಮೊದಲು ಸಿಬ್ಬಂದಿ, ಕಟ್ಟಡ ಇರಬೇಕು. ಅವೆರಡಕ್ಕೂ ಹಣ ಬೇಕು. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಅನ್ನುವ ಹಾಗೆ. ರಾಜ್ಯದ ಹೊಸ ವಿಶ್ವವಿದ್ಯಾಲಯಗಳೆಲ್ಲ ತೀರಾ ಕಡಿಮೆ ಹಣದಲ್ಲಿ, ಬಹುಮಟ್ಟಿಗೆ ಅತಿಥಿ ಉಪನ್ಯಾಸಕರನ್ನು ನಂಬಿಕೊಂಡೇ ಶುರುವಾದವು. ಇನ್ನೊಂದು ವಿಷಯ: ಕಾಲೇಜುಗಳು ಕಟ್ಟುವ ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕ ವಿಶ್ವವಿದ್ಯಾಲಯಗಳಿಗೆ ದೊಡ್ಡ ಆದಾಯ. ಒಂದು ಜಿಲ್ಲೆ ಬೇರೆಯಾದರೆ ಹಳೆಯ ವಿಶ್ವವಿದ್ಯಾಲಯದ ಗಂಟೂ ಕರಗುತ್ತದೆ. ಒಂದು ರೊಟ್ಟಿಯನ್ನು ಹತ್ತು ತುಂಡು ಮಾಡಿದರೆ ರೊಟ್ಟಿ ಹತ್ತಾಗುವುದಿಲ್ಲ.

ಈ ಮಾತನ್ನು ನನಗೆ ಸರಿಯಾಗಿ ಅರ್ಥಮಾಡಿಸಿದವನು ಗಂಗಾವತಿಯ ಗೆಳೆಯ. ‘ನಿಮಗ ತಳಕಲ್ ಹಿತ್ತಲಾತು. ನಮಗ ಬಳ್ಳಾರಿನೂ ಅಷ್ಟ ದೂರ, ತಳಕಲ್ಲೂ ಅಷ್ಟ ದೂರ. ನಾವು ಹಳೇ ಯೂನಿವರ್ಸಿಟಿನ ಛಲೋ ಅಂದ್ರ ತಪ್ಪೇನೈತಿ?’ ಅಂದ. ಭತ್ತದ ನಾಡಿನ ಅವನ ಮಾತೂ ಖರೆ. ಒಂದೇ ಜಿಲ್ಲೆಯಲ್ಲಿ ಗಂಗಾವತಿಗೊಂದು ನ್ಯಾಯ, ಕುಷ್ಟಗಿಗೊಂದು ನ್ಯಾಯ. ನೀರಾವರಿ ಇಲ್ಲದೆ ದುಡಿಯಲು ದೂರದೂರಿಗೆ ಗುಳೆ ಹೋಗುವ ಮನೆಗಳು ಕುಷ್ಟಗಿ, ಯಲಬುರ್ಗಾ ಕಡೆ ಈಗಲೂ ಇವೆ. ಅಂಥ ಮನೆಯ ಹುಡುಗಿಗೆ ಅರವತ್ತು ಕಿಲೋಮೀಟರಿಗೂ ನೂರೈವತ್ತು ಕಿಲೋಮೀಟರಿಗೂ ಇರುವ ವ್ಯತ್ಯಾಸ ಅಂದರೆ ಓದುವುದಕ್ಕೂ ಓದದಿರುವುದಕ್ಕೂ ಇರುವ ವ್ಯತ್ಯಾಸ.

ಹಾಗಾದರೆ ತಂಗಿಗೆ ನಾನು ಏನು ಹೇಳಲಿ? ಗೊತ್ತಿರುವವರನ್ನು ಕೇಳಿದೆ, ಹಳೆಯದನ್ನು ಓದಿದೆ. ಸಮಾಧಾನ ಸಿಕ್ಕಿದ್ದು ನಮ್ಮ ಟ್ರಂಕಿನಲ್ಲೇ. ವಿಶ್ವವಿದ್ಯಾಲಯಗಳ ಗಡಿ ನಮ್ಮ ಸೀಮೆಯಲ್ಲಿ ಮೊದಲಿನಿಂದಲೂ ಬದಲಾಗುತ್ತಲೇ ಬಂದಿದೆ. 1956ರಲ್ಲಿ, 1980ರಲ್ಲಿ, 2010ರಲ್ಲಿ, 2023ರಲ್ಲಿ. ಹಾಗಂತ ದೊಡ್ಡಪ್ಪನ ಧಾರವಾಡದ ಡಿಗ್ರಿಯನ್ನು, ಅತ್ತಿಯ ಕಲಬುರಗಿಯ ಡಿಗ್ರಿಯನ್ನು ಯಾರೂ ಸುಳ್ಳು ಅನ್ನಲಿಲ್ಲ. ಕಾನೂನಿನ ಪ್ರಕಾರ ಹುಟ್ಟಿದ ವಿಶ್ವವಿದ್ಯಾಲಯದಲ್ಲಿ ಓದಿ ಪಾಸಾದರೆ ಆ ಓದು ನಮ್ಮದು. ಹೆಸರು ಬದಲಾದರೆ ಪದವಿ ಪತ್ರದ ಮುದ್ರೆ ಬದಲಾದೀತು. ತಲೆಯೊಳಗೆ ಹೋದದ್ದನ್ನು ಯಾವ ಉಪಸಮಿತಿಯೂ ವಾಪಸು ಕೇಳುವುದಿಲ್ಲ.

ಆದರೆ ಒಂದು ಅಂಜಿಕೆ ನನಗೂ ಉಳಿದಿದೆ. ವಿಲೀನ ಎಂದರೆ ಹೆಸರು ಮಾತ್ರ ಹೋಗುವುದೋ, ತಳಕಲ್ಲಿನ ತರಗತಿಯೂ ಹೋಗುವುದೋ? ಇವೆರಡೂ ಬೇರೆ ಬೇರೆ. ಕುಲಪತಿಯ ಕುರ್ಚಿ ಎಲ್ಲಿರಬೇಕು ಅನ್ನುವುದು ಸರ್ಕಾರದ ಲೆಕ್ಕ. ಬೆಳಗಿನ ಬಸ್ಸಿನ ಆ ಹುಡುಗಿಯರ ಪಾಠ ಎಲ್ಲಿ ನಡೆಯಬೇಕು ಅನ್ನುವುದು ನಮ್ಮ ಲೆಕ್ಕ. ಜಗಳವೆಲ್ಲ ಮೊದಲನೆಯದರ ಬಗ್ಗೆ ನಡೆಯಿತು. ನನ್ನ ಅತ್ತಿ ಮಾತ್ರ ಎರಡನೆಯದನ್ನು ಹಿಡಿದಳು. ‘ಹೆಸರು ಬಳ್ಳಾರಿದರ ಇರ್ಲಿ, ಕೊಪ್ಪಳದ್ದರ ಇರ್ಲಿ. ಮಾಸ್ತರರು ಇರ್ಲಿ, ಬಾಗಲಾ ತಗದಿರ್ಲಿ’ ಅಂದಳು. ಸರ್ಕಾರ ಯಾವುದೇ ಇರಲಿ, ಕೇಳಬೇಕಾದದ್ದು ಇಷ್ಟೇ ಅನ್ನಿಸಿತು.

ನಿಮ್ಮ ಮನೆಯಲ್ಲೂ ಒಬ್ಬರಿದ್ದರೆ

ಊರಲ್ಲಿ ತಮ್ಮನೋ ತಂಗಿಯೋ ಓದುತ್ತಿದ್ದು, ನೀವು ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಇದನ್ನು ಫೋನಿನಲ್ಲಿ ಓದುತ್ತಿದ್ದರೆ, ನಾನು ಕಲಿತ ನಾಲ್ಕು ಮಾತು ಹೇಳುತ್ತೇನೆ.

ಒಂದು, ಹಳೆಯ ಅಂಕಪಟ್ಟಿಗಳೆಲ್ಲ ಕೈಯಲ್ಲಿರಲಿ. ಡಿಜಿಲಾಕರಿನಲ್ಲಿ ಬಂದಿದ್ದರೆ ಇಳಿಸಿಕೊಳ್ಳಿ, ಇಲ್ಲದಿದ್ದರೆ ಸ್ಕ್ಯಾನ್ ಮಾಡಿಡಿ. ವಿಶ್ವವಿದ್ಯಾಲಯ ಬದಲಾಗುವ ಸೀಮೆಯಲ್ಲಿ ಕಾಗದವೇ ಸಾಕ್ಷಿ.

ಎರಡು, 371ಜೆ ಪ್ರಮಾಣಪತ್ರ ಮಾಡಿಸಿದ್ದೀರಾ? ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಶೇಷ ಸ್ಥಾನಮಾನ 2013ರಿಂದ ಜಾರಿಯಲ್ಲಿದೆ. ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ಮೀಸಲು. ತಳಕಲ್ಲಿಗೂ ಬೇಕು, ಧಾರವಾಡಕ್ಕೂ ಬೇಕು. ಕೊನೆಯ ದಿನ ಓಡಾಡಬೇಡಿ.

ಮೂರು, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲಿನ ಅರ್ಜಿ, ಹಾಸ್ಟೆಲಿನ ಅರ್ಜಿ ನೀವೇ ಕೂತು ತುಂಬಿಕೊಡಿ. ನಮಗೆ ಹತ್ತು ನಿಮಿಷದ ಕೆಲಸ, ಅವರಿಗೆ ಸೈಬರ್ ಅಂಗಡಿಯ ಮುಂದೆ ಅರ್ಧ ದಿನ.

ನಾಲ್ಕನೆಯದು ನನಗೇ ಹೇಳಿಕೊಂಡದ್ದು: ಯಾವ ವಿಶ್ವವಿದ್ಯಾಲಯ ಅಂತ ಕೇಳುವ ಮೊದಲು, ದಿನಾ ಹೋಗಿ ಬರಲು ಆಗುತ್ತದಾ ಅಂತ ಕೇಳಿ. ದೊಡ್ಡ ಹೆಸರಿನ ಕಡೆ ಕಳಿಸಲು ಸಾಧ್ಯವಿದ್ದರೆ ಖಂಡಿತ ಕಳಿಸಿ. ದೊಡ್ಡ ಗ್ರಂಥಾಲಯ, ಬೇರೆ ಊರಿನ ಗೆಳೆಯರು, ಹಾಸ್ಟೆಲಿನ ರಾತ್ರಿಗಳು ಕಲಿಸುವುದು ಬಹಳ. ಬಳ್ಳಾರಿ ನನಗೆ ಕಲಿಸಿದೆ. ಆದರೆ ಆಗದೇ ಇರುವವರ ಹತ್ತಿರದ ಓದನ್ನು ಹೀಗಳೆಯಬೇಡಿ.

ರೈಲು ಬಂತು

ಅದೇ ವರ್ಷ ಮೇ 15ಕ್ಕೆ ಇನ್ನೊಂದು ಸುದ್ದಿ. ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿಗೆ ರೈಲು ಬಂತು. ಕುಷ್ಟಗಿ ಮಂದಿ ಜಾತ್ರೆಯ ಹಾಗೆ ಸ್ಟೇಷನ್ನಿಗೆ ಹೋದರು. ನಮ್ಮ ಯಲಬುರ್ಗಾ ಸ್ಟೇಷನ್ನಿನಲ್ಲೂ ರೈಲು ನಿಲ್ಲುತ್ತದೆ, ಕುಕನೂರಿನಲ್ಲೂ. ಈ ಹೊಸ ಹಳಿ ಹಳೆಯ ಗದಗ–ಹೊಸಪೇಟೆ ಹಳಿಗೆ ಕೂಡುವುದು ಎಲ್ಲಿ ಗೊತ್ತೇ? ತಳಕಲ್ಲಿನಲ್ಲಿ.

ತಂಗಿ ಅವತ್ತು ವಿಡಿಯೊ ಕಾಲ್ ಮಾಡಿ ಯಲಬುರ್ಗಾ ಸ್ಟೇಷನ್ನಿನ ಬೋರ್ಡು ತೋರಿಸಿದಳು. ಹಿಂದೆ ಅಪ್ಪ, ಪಕ್ಕದಲ್ಲಿ ಕೋಲು ಹಿಡಿದ ದೊಡ್ಡಪ್ಪ. ‘ನಿಮ್ಮಜ್ಜ ಹೈದರಾಬಾದಿಗೆ ಹೋಗುಮುಂದ ಕೊಪ್ಪಳತನ ಚಕ್ಕಡಿಯಾಗ ಹೋಗಿ ರೈಲು ಹತ್ತಿದ್ನಂತ’ ಅಂದರು ದೊಡ್ಡಪ್ಪ. ಅತ್ತಿ ಅಲ್ಲಿರಲಿಲ್ಲ. ಆದರೆ ಮುಂದಿನ ವಾರ ಬಂದಾಗ ತಂಗಿಯ ಜೊತೆ ತಳಕಲ್ಲಿಗೆ ಹೋಗಿ, ಅವಳ ಕ್ಲಾಸಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಬಂದಳಂತೆ. ‘ಏನೂ ಮಾತಾಡಲಿಲ್ಲ ಅಕ್ಕಾ, ಸುಮ್ನ ಕುಂತಿದ್ಲು’ ಅಂತ ತಂಗಿ ಹೇಳಿದಳು.

ಹಳದಿ ಲಕೋಟೆಯನ್ನು ನಾವು ಎಸೆಯಲಿಲ್ಲ. ಅಜ್ಜನ ಉರ್ದು ಕಾಗದದ ಜೊತೆಗೇ ಒಂದು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಮತ್ತೆ ಟ್ರಂಕಿಗೆ ಸೇರಿಸಿದ್ದೇವೆ. ಮೇಲುಗಡೆ ತಂಗಿಯ ಪದವಿ ಪತ್ರಕ್ಕೆ ಜಾಗ ಬಿಟ್ಟಿದ್ದೇವೆ. ಅದರ ಮೇಲೆ ಯಾವ ಹೆಸರು ಬರುತ್ತದೋ ನೋಡೋಣ.

ನಿಮ್ಮ ಮನೆಯ ಟ್ರಂಕಿನಲ್ಲಿ ಎಷ್ಟು ವಿಶ್ವವಿದ್ಯಾಲಯಗಳಿವೆ? ಹೋಗಲಾಗದೇ ಉಳಿದ ಒಂದು ಲಕೋಟೆಯೂ ಇದೆಯಾ? ಈ ಸಲ ಊರಿಗೆ ಹೋದಾಗ ತೆಗೆದು ನೋಡಿ, ನಮಗೂ ಬರೆದು ಕಳಿಸಿ.